ಮಾಕ್ ಡ್ರಿಲ್‌ನ ಹೆಣ ಜಿಲ್ಲಾಧಿಕಾರಿಗಳಿಗೆ ಬರೆದ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳು ಹಾಗೂ ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರದ ಅಧ್ಯಕ್ಷರ ಸನ್ನಿಧಾನಕ್ಕೆ,

ವಿಷಯ: ಬಸ್ ನಿಲ್ದಾಣದ ಬಾಂಬ್ ಸ್ಫೋಟದ ಅಣಕು ಕಾರ್ಯಾಚರಣೆಯಲ್ಲಿ ಸತ್ತಿದ್ದ ನನ್ನನ್ನು ಮೊದಲು ರಕ್ಷಿಸಿದ ಬಗ್ಗೆ.

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ನಾನು ಗೃಹರಕ್ಷಕ ದಳದವನು. ಜಿಲ್ಲೆಯಲ್ಲಿ ಎಲ್ಲಿ ಮಾಕ್ ಡ್ರಿಲ್ ಆದರೂ ಹೆಣದ ಪಾತ್ರ ನನಗೇ ಮೀಸಲು. ಮಲಗಿದ ತಕ್ಷಣ ನಿದ್ದೆ ಬರುವುದೊಂದೇ ನನ್ನ ಅರ್ಹತೆ. ಪ್ರವಾಹದಲ್ಲಿ ಕೊಚ್ಚಿಹೋಗಿದ್ದೇನೆ, ಗ್ಯಾಸ್ ಟ್ಯಾಂಕರ್ ಪಲ್ಟಿಯಾದಾಗ ಸುಟ್ಟುಹೋಗಿದ್ದೇನೆ. ಆದರೆ ಕಳೆದ ವಾರ ಸಿಕ್ಕಂಥ ಮರ್ಯಾದೆ ಹಿಂದೆಂದೂ ಸಿಕ್ಕಿರಲಿಲ್ಲ.

ಬಾಂಬ್ ಹನ್ನೊಂದು ಗಂಟೆಗೆ ಸಿಡಿಯಬೇಕಿತ್ತು. ಶಾಸಕರು ಬರುವುದು ತಡವಾಗಿ ಹನ್ನೆರಡೂಕಾಲಕ್ಕೆ ಸಿಡಿಯಿತು. ಅಲ್ಲಿಯವರೆಗೆ ಗಾಯಾಳುಗಳಿಗೆಲ್ಲ ಮಜ್ಜಿಗೆ ಕೊಟ್ಟರು, ಹೆಣಕ್ಕೂ ಕೊಟ್ಟರು. ಆಂಬುಲೆನ್ಸ್‌ಗಳು ಬೆಳಗ್ಗೆಯೇ ಬಂದು ಶಾಮಿಯಾನದ ಪಕ್ಕ ಸಾಲಾಗಿ ನಿಂತಿದ್ದವು. ಹೀಗಾಗಿ ‘ಎರಡೇ ನಿಮಿಷದಲ್ಲಿ ಸ್ಥಳಕ್ಕೆ ಧಾವಿಸಿದರು’ ಎಂದು ಮಾರನೇ ದಿನ ಪತ್ರಿಕೆಯಲ್ಲಿ ಬಂದ ಸುದ್ದಿಯಲ್ಲಿ ಒಂದಕ್ಷರವೂ ಸುಳ್ಳಿಲ್ಲ.

ಬಿದ್ದಲ್ಲೇ ಬಿದ್ದು ತರಬೇತುದಾರರ ಪಾಠ ನನಗೆ ಬಾಯಿಪಾಠವಾಗಿದೆ. ನೂರಾರು ಜನ ಒಟ್ಟಿಗೆ ಬಿದ್ದಿರುವ ಜಾಗದಲ್ಲಿ ಮೊದಲ ಕೆಲಸ ಚಿಕಿತ್ಸೆಯಲ್ಲ, ವಿಂಗಡಣೆ. 1983ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದ ‘ಸ್ಟಾರ್ಟ್’ ಪದ್ಧತಿಯ ಪ್ರಕಾರ, ‘ನಡೆಯೋಕಾಗೋರೆಲ್ಲ ಈ ಕಡೆ ಬನ್ನಿ’ ಎಂದು ಕೂಗಬೇಕು. ಬಂದವರಿಗೆ ಹಸಿರು ಚೀಟಿ. ಉಳಿದವರಲ್ಲಿ ಒಬ್ಬೊಬ್ಬರನ್ನೂ ಒಂದು ನಿಮಿಷದೊಳಗೆ ನೋಡಿ ಮುಗಿಸಬೇಕು. ಉಸಿರು ನಿಮಿಷಕ್ಕೆ 30 ದಾಟಿದರೆ ಕೆಂಪು, ಅಂದರೆ ಎಲ್ಲರಿಗಿಂತ ಮೊದಲು ಸಾಗಿಸಬೇಕಾದವನು. ಮುಂಗೈಯಲ್ಲಿ ನಾಡಿ ಸಿಗದಿದ್ದರೂ, ಹೇಳಿದ ಮಾತು ತಲೆಗೆ ಹೋಗದಿದ್ದರೂ ಕೆಂಪು. ಇದ್ಯಾವುದೂ ಇಲ್ಲದೆ ಬರೀ ಏಳಲಾಗದವನು ಹಳದಿ. ಉಸಿರಿನ ದಾರಿ ಸರಿಮಾಡಿದರೂ ಉಸಿರಾಡದವನು ಕಪ್ಪು. ಅವನನ್ನು ಅಲ್ಲೇ ಬಿಟ್ಟು ಮುಂದಿನವನ ಬಳಿ ಹೋಗಬೇಕು. ಇಡೀ ವಿದ್ಯೆಯಲ್ಲಿ ಕಷ್ಟದ್ದು ಈ ಬಿಟ್ಟು ಹೋಗುವುದೇ. ಅದನ್ನು ಕಲಿಸಲೆಂದೇ ತಮ್ಮ ಖರ್ಚು, ನನ್ನ ಸಾವು.

ಆದರೆ ನನ್ನ ಹೆಣ ಬಿದ್ದಿದ್ದು ವೇದಿಕೆಯ ಎದುರಿಗೆ! ನಾಲ್ವರು ಓಡಿಬಂದು ನನ್ನನ್ನು ಸ್ಟ್ರೆಚರ್‌ಗೆ ಎತ್ತಿದರು. ‘ಸಾರ್, ನಂದು ಕಪ್ಪು ಚೀಟಿ’ ಎಂದು ಪಿಸುಗುಟ್ಟಿದೆ. ‘ಸುಮ್ನೆ ಮಲ್ಕೊಳಯ್ಯಾ, ವಿಡಿಯೋ ನಡೀತಿದೆ’ ಎಂದರು. ಮೊದಲ ಆಂಬುಲೆನ್ಸ್ ನನಗೇ. ಅತ್ತ ಶೌಚಾಲಯದ ಗೋಡೆಗೊರಗಿ ಕೂತಿದ್ದ ನರ್ಸಿಂಗ್ ಕಾಲೇಜಿನ ಹುಡುಗಿಗೆ ಕೆಂಪು ಚೀಟಿ ಕೊಟ್ಟಿದ್ದರು. ಒಂದೇ ಸಮನೆ ಏದುಸಿರು ಬಿಡಬೇಕು, ಮಾತಾಡಬಾರದು ಎಂದು ಹೇಳಿಕೊಟ್ಟಿದ್ದರಂತೆ. ಪಾಪ, ತಲೆ ಸುತ್ತುವವರೆಗೂ ನಿಷ್ಠೆಯಿಂದ ಉಸಿರಾಡಿದಳು. ಯಾರೂ ಬರಲಿಲ್ಲ. ಭಾಷಣ ಶುರುವಾದ ಮೇಲೆ ತಾನೇ ಎದ್ದು ಬಂದು ಕುರ್ಚಿಯಲ್ಲಿ ಕೂತಳು. ವರದಿಯಲ್ಲಿ ಅವಳನ್ನು ‘ಸಣ್ಣಪುಟ್ಟ ಗಾಯ’ದವರ ಲೆಕ್ಕಕ್ಕೆ ಸೇರಿಸಿದ್ದಾರೆ.

ಆಸ್ಪತ್ರೆಯ ಸಮಾಚಾರ ಜಾಸ್ತಿ ಬರೆಯುವುದಿಲ್ಲ. ನಾವು ಬರುತ್ತೇವೆಂದು ಅವರಿಗೆ ಯಾರೂ ತಿಳಿಸಿರಲಿಲ್ಲ. ಹೆಣವನ್ನು ‘ಓಪಿ ಚೀಟಿ ಮಾಡಿಸ್ಕೊಂಡ್ ಬಾ’ ಎಂದು ಕೌಂಟರ್‌ಗೆ ಕಳಿಸಿದರು.

ಇನ್ನು ಶ್ವಾನದಳ. ನಾಯಿ ಶಾಸಕರಿಗೆ ಹೂಗುಚ್ಛ ಕೊಡುವ ಕಾರ್ಯಕ್ರಮ ಕೊನೆಗಿದ್ದುದರಿಂದ ಅದನ್ನು ಅಲ್ಲಿಯವರೆಗೂ ಜೀಪಿನಲ್ಲೇ ಕೂರಿಸಿದ್ದರು. ಇನ್ನೊಂದು ಬಾಂಬ್ ಇದೆಯೇ ಎಂದು ಅದು ಮೂಸಿ ನೋಡುವ ಮೊದಲೇ ಸ್ಫೋಟದ ಜಾಗಕ್ಕೆ ಶಾಸಕರು, ತಾವು, ವೈದ್ಯರು, ಟಿವಿಯವರು ಎಲ್ಲರೂ ಬಂದು ಸುತ್ತ ನಿಂತಾಗಿತ್ತು. 2008ರ ಜುಲೈ 25ರಂದು ಬೆಂಗಳೂರಿನಲ್ಲಿ ಸರಣಿ ಸ್ಫೋಟವಾದದ್ದು ತಮಗೆ ನೆನಪಿದ್ದೀತು. ಮಾರನೇ ದಿನ ಅಹಮದಾಬಾದಿನಲ್ಲಿ ಮೊದಲ ಸ್ಫೋಟಗಳ ಗಾಯಾಳುಗಳನ್ನು ಸಾಗಿಸಿದ ಸಿವಿಲ್ ಆಸ್ಪತ್ರೆಯಲ್ಲೇ ಬಾಂಬ್ ಸಿಡಿಯಿತು, ಎಲ್‌.ಜಿ. ಆಸ್ಪತ್ರೆಯಲ್ಲೂ ಸಿಡಿಯಿತು. ಓಡಿಬರುವವರಿಗಾಗಿಯೇ ಕಾದಿರುವ ಎರಡನೇ ಬಾಂಬ್ ಅದು. ನಮ್ಮ ಬಸ್ ನಿಲ್ದಾಣದಲ್ಲಿ ಅಂಥದ್ದೊಂದು ಇದ್ದಿದ್ದರೆ, ನಾಯಿ ಹೂಗುಚ್ಛ ಕೊಡೋಣವೆಂದರೆ ತೆಗೆದುಕೊಳ್ಳಲು ಯಾರೂ ಉಳಿಯುತ್ತಿರಲಿಲ್ಲ.

ಸಾರ್ವಜನಿಕರನ್ನು ಮಾತ್ರ ಹಗ್ಗ ಕಟ್ಟಿ ದೂರ ನಿಲ್ಲಿಸಿದ್ದಿರಿ. ಒಳ್ಳೆಯ ಶಿಸ್ತು. ಆದರೆ 2010ರ ಮೇ 22ರಂದು ಮಂಗಳೂರಿನಲ್ಲಿ ವಿಮಾನ ಕಂದಕಕ್ಕೆ ಬಿದ್ದು 158 ಜನ ಸತ್ತಾಗ ಮೊದಲು ಓಡಿದ್ದು ಸುತ್ತಮುತ್ತಲ ಮನೆಯವರು. 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತಕ್ಕೆ 11 ಜನ ಬಲಿಯಾದಾಗಲೂ ಬಿದ್ದವರನ್ನು ಕೈಮೇಲೆ ಹೊತ್ತು ಓಡಿದವರಲ್ಲಿ ಗುಂಪಿನಲ್ಲಿದ್ದ ಸಾಮಾನ್ಯ ಜನರೇ ಇದ್ದರು. ಅಂಥವರಿಗೆ ರಕ್ತಸ್ರಾವದ ಮೇಲೆ ಬಟ್ಟೆ ಒತ್ತಿ ಹಿಡಿಯುವುದನ್ನಾದರೂ ಹೇಳಿಕೊಡುವ ಬದಲು, ಚಪ್ಪಾಳೆ ತಟ್ಟಲು ಹೇಳಿದ್ದೇ ಸರಿ. ಅದನ್ನಂತೂ ಅವರು ಅಚ್ಚುಕಟ್ಟಾಗಿ ಮಾಡಿದರು.

‘ಕಾರ್ಯಾಚರಣೆ ಶೇಕಡ 100 ಯಶಸ್ವಿ’ ಎಂದು ತಾವು ಘೋಷಿಸಿದಿರಿ. ಸಾರ್, ತಪ್ಪು ಎಲ್ಲಾಗುತ್ತದೆ ಎಂದು ಮೊದಲೇ ನೋಡಿಕೊಳ್ಳಲಿಕ್ಕೇ ಅಲ್ಲವೇ ನಾವು ಹೀಗೆ ಸಾಯುವುದು? ಒಂದು ಸಲವಾದರೂ ಫೇಲಾಗಲು ಬಿಡಿ. ಯಾರಿಗೂ ಹೇಳದೆ, ಸಂತೆಯ ದಿನ, ಸಂಜೆ ಏಳರ ಮಳೆಯಲ್ಲಿ ಸೈರನ್ ಕೂಗಿಸಿ. ಶಾಸಕರಿಗಂತೂ ತಿಳಿಸಲೇಬೇಡಿ.

ಆ ದಿನ ನನಗೆ ಹಸಿರು ಚೀಟಿ ಕೊಡಿಸಬೇಕಾಗಿ ಪ್ರಾರ್ಥನೆ. ನಿಜವಾದ ದುರಂತದಲ್ಲಿ ಹಸಿರಿನವರು ಆಂಬುಲೆನ್ಸ್‌ಗೆ ಕಾಯುವುದಿಲ್ಲ, ಸಿಕ್ಕ ಆಟೋ ಹತ್ತಿ ಹತ್ತಿರದ ಆಸ್ಪತ್ರೆಗೆ ಎಲ್ಲರಿಗಿಂತ ಮೊದಲೇ ಹೋಗಿ ಮಂಚ ಹಿಡಿಯುತ್ತಾರೆ. ನಾನೂ ಹಾಗೇ ಮಾಡುತ್ತೇನೆ. ಕೆಂಪಿನವರು ಬಂದಾಗ ಡಾಕ್ಟರು ನನ್ನನ್ನು ಎಬ್ಬಿಸುತ್ತಾರೋ ಇಲ್ಲವೋ ನೋಡೋಣ. ಆಟೋ ಬಾಡಿಗೆಯನ್ನು ಯಾವ ಲೆಕ್ಕಶೀರ್ಷಿಕೆಯಲ್ಲಿ ಕೊಡುತ್ತೀರಿ ಎಂದು ಮಾತ್ರ ಮುಂಚಿತವಾಗಿ ತಿಳಿಸುವುದು.

ಇಂತಿ ತಮ್ಮ ವಿಶ್ವಾಸಿ,
ಕಪ್ಪು ಚೀಟಿಯವನು