ಸಮಾನ ಮನಸ್ಕರೂ ಸಾಣಿಕಟ್ಟಾದ ಉಪ್ಪೂ

ನಮ್ಮೂರು ಕಿನ್ನರ. ಕಾರವಾರ ತಾಲ್ಲೂಕಿನಲ್ಲಿ, ಕಾಳಿ ನದಿಯ ದಂಡೆಯಲ್ಲಿದೆ. ಹೆಸರು ಕೇಳಿ ಗಾನ ನಿರೀಕ್ಷಿಸಬೇಡಿ. ಇಲ್ಲಿ ಕೇಳಿಸುವುದು ಚಾ ಅಂಗಡಿಯ ರಾಜಕೀಯ. ಅಲ್ಲಿ ನನ್ನ ಮಾತನ್ನು ಒಪ್ಪುವ ಒಂದು ನರಪಿಳ್ಳೆಯೂ ಇಲ್ಲ. ಮೂವತ್ತು ವರ್ಷ ಮಕ್ಕಳಿಂದ "ಹೌದು ಸರ್" ಅನ್ನಿಸಿಕೊಂಡ ಮಾಸ್ತರನಿಗೆ ಇದು ಸಣ್ಣ ಶಿಕ್ಷೆಯಲ್ಲ.

ಒಪ್ಪುವವರನ್ನು ಒಮ್ಮೆ ಫೋನಿನಲ್ಲಿ ಹುಡುಕಲು ಪ್ರಯತ್ನಿಸಿದ್ದೆ. 2022ರಲ್ಲಿ ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು 'ನೋ ಹಾಸ್ಪಿಟಲ್ ನೋ ವೋಟ್' ಅಭಿಯಾನ ಎದ್ದಾಗ ವಾಟ್ಸಾಪ್ ಗುಂಪೊಂದನ್ನು ಸೇರಿದೆ. ಆಸ್ಪತ್ರೆ ಬೇಕೆಂಬಲ್ಲಿ ಎಲ್ಲರದೂ ಒಂದೇ ಮಾತು. ಎಲ್ಲಿ ಬೇಕು ಎಂದು ಕೇಳಿದ ಬುದ್ಧಿವಂತ ನಾನು. ಕಾರವಾರ, ಕುಮಟಾ, ಶಿರಸಿ ಎಂದು ಗುಂಪು ಮೂರಾಯಿತು. ಮೂರರಲ್ಲೂ ನನ್ನನ್ನು ಸೇರಿಸಿಕೊಳ್ಳಲಿಲ್ಲ.

2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಕುಸಿಯಿತು. ಆಗಸ್ಟ್ 7ರ ನಡುರಾತ್ರಿ ಕಾಳಿಯ ಹಳೆ ಸೇತುವೆ ಹೊಳೆಗೆ ಬಿತ್ತು. ನನಗೆ ನೆತ್ತಿಗೇರಿತು. ಚಾ ಅಂಗಡಿಯಲ್ಲಿ ಎದ್ದು ನಿಂತು ಮಾತಾಡಿದೆ. "ಮಾಸ್ತರ್ರೆ, ಚಾ ಆರ್ತದೆ" ಎಂದರು. ಅವತ್ತೇ ಫೇಸ್‌ಬುಕ್ ತೆರೆದು, ಇಂಗ್ಲಿಷ್ ಅಕ್ಷರದಲ್ಲಿ ಊರ ಹೆಸರು ಒತ್ತಿದೆ.

ಮೊದಲು ಸಿಕ್ಕ ಗುಂಪಿನವರು "ನಿಮ್ಮ ಗುರು ಯಾರು?" ಎಂದು ಕೇಳಿದರು. "ನಾನೇ ಗುರು, ನಿವೃತ್ತ" ಎಂದು ಬರೆದೆ. ಹಿಂದಿಯಲ್ಲಿ ಕಿನ್ನರ್ ಎಂದರೆ ತೃತೀಯ ಲಿಂಗಿಗಳು, ಅವರಲ್ಲಿ ಗುರು–ಚೇಲಾ ಪರಂಪರೆ ಇದೆ ಎಂದು ತಿಳಿಹೇಳಿ, ಶುಭ ಕೋರಿ ಬೀಳ್ಕೊಟ್ಟರು. ಅಷ್ಟು ಮರ್ಯಾದೆ ನನಗೆ ಊರಲ್ಲಿ ಸಿಕ್ಕಿಲ್ಲ.

ಎರಡನೆಯ ಗುಂಪು ನೋಡಿ ಕಣ್ಣು ತುಂಬಿತು. ಹೆದ್ದಾರಿಗೆ ಉರುಳುವ ಗುಡ್ಡ, ಅಣೆಕಟ್ಟು, ದೂರದ ಆಸ್ಪತ್ರೆ... ಎಲ್ಲಾ ನನ್ನದೇ ಭಾಷಣ! ಬರಹ ಹಿಂದಿಯಲ್ಲಿತ್ತು. ಗೋವಾದಲ್ಲಿ ಕೆಲಸ ಮಾಡುವ ನಮ್ಮೂರ ಹುಡುಗರಿರಬೇಕು ಅಂದುಕೊಂಡೆ. ಕದ್ರಾ ಅಣೆಕಟ್ಟಿನ ಬಾಗಿಲು ತೆಗೆದರೆ ನಮ್ಮ ಗದ್ದೆಯೇ ಹೊಳೆಯಾಗುವ ಕಥೆಯನ್ನು ಶಾಲಾ ಹಿಂದಿಯಲ್ಲಿ ಬರೆದೆ. ಲೈಕುಗಳು ಸುರಿದವು. "ನೋ ಮೀನ್ಸ್ ನೋ, ಗುರೂಜಿ!" ಎಂದರು. ಉಬ್ಬಿಹೋಗಿ ಮತದಾನದ ಮಹತ್ವದ ಮೇಲೆ ನಾಲ್ಕು ಕಂತು ಪಾಠ ಮಾಡಿದೆ. ಹೆಂಡತಿಗೆ, ಇನ್ನು ಮೇಲೆ ನನ್ನನ್ನು ಬಂಗಡೆ ತರಲು ಪೇಟೆಗೆ ಅಟ್ಟಬೇಡ, ಮುಖಂಡನಿಗೆ ಶೋಭೆಯಲ್ಲ ಎಂದೂ ಹೇಳಿದೆ. ಅವಳು ಚೀಲವನ್ನೇ ಕೈಗಿಟ್ಟಳು.

ಡಿಸೆಂಬರಿನಲ್ಲಿ ಯಾರೋ ಮನೆಯ ಅಂಗಳದ ಫೋಟೋ ಹಾಕಿದರು. ಉದ್ದಕ್ಕೂ ಬಿಳಿ ರಾಶಿ. ಬಿಡುತ್ತೇನೆಯೇ? "ಸಾಣಿಕಟ್ಟಾದ ಉಪ್ಪು ಈ ಸಲ ಚೆಂದ ಬಂದಿದೆ. 1930ರಲ್ಲಿ ಅಂಕೋಲೆಯವರು ಉಪ್ಪು ಮಾಡಿ ಬ್ರಿಟಿಷರ ಕಾನೂನು ಮುರಿದದ್ದನ್ನು ಯುವಕರು ಮರೆಯಬಾರದು" ಎಂದು ಬರೆದೆ.

ಅರ್ಧ ಗಂಟೆ ಯಾರೂ ಉಸಿರೆತ್ತಲಿಲ್ಲ. ಆಮೇಲೊಬ್ಬ ಬರೆದ: "ಗುರೂಜಿ, ಇದು ಹಿಮ."

ಆ ಗುಂಪು ಹಿಮಾಚಲ ಪ್ರದೇಶದ ಕಿನ್ನೌರ್ ಜಿಲ್ಲೆಯದಾಗಿತ್ತು. 2021ರ ಆಗಸ್ಟ್ 11ರಂದು ಅಲ್ಲಿನ ನಿಗುಲ್‌ಸರಿಯಲ್ಲೂ ಗುಡ್ಡ ಹೆದ್ದಾರಿಯ ಮೇಲೆ ಬಿದ್ದಿತ್ತು. ಸಟ್ಲೆಜ್ ಕಣಿವೆಯ ಜಲವಿದ್ಯುತ್ ಯೋಜನೆ ಬೇಡವೆಂದು ಅಲ್ಲಿನ ಯುವಕರು ಎತ್ತಿದ ಕೂಗೇ 'ನೋ ಮೀನ್ಸ್ ನೋ'. ನನ್ನ ಮಾನ ಹೋದದ್ದು ಮಾತ್ರ ಬೇರೆ ಕಾರಣಕ್ಕೆ. 1951ರ ಅಕ್ಟೋಬರಿನಲ್ಲೇ ಓಟು ಹಾಕಿ, ಸ್ವತಂತ್ರ ಭಾರತದ ಮೊದಲ ಮತದಾರ ಎನಿಸಿಕೊಂಡ ಶ್ಯಾಮ್ ಶರಣ್ ನೇಗಿ ಆ ಜಿಲ್ಲೆಯ ಕಲ್ಪಾದವರು. ಅಂಥವರ ಊರಿಗೆ ನಾನು ಮತದಾನದ ಪಾಠ ಮಾಡಿದ್ದೆ, ನಾಲ್ಕು ಕಂತು!

ಗುಂಪು ಬಿಡಲು ಹೊರಟೆ. "ನಿಮ್ಮ ಗುಡ್ಡವೂ ಬೀಳ್ತದಲ್ಲ ಗುರೂಜಿ, ಇರಿ" ಎಂದರು. ಇದ್ದೇನೆ. ಅವರು ಸೇಬಿನ ಪೆಟ್ಟಿಗೆಯ ದರ ಹಾಕುತ್ತಾರೆ, ನಾನು ಬಂಗಡೆಯ ದರ ಹಾಕುತ್ತೇನೆ. ಚಾ ಅಂಗಡಿಯನ್ನಂತೂ ಬಿಟ್ಟಿಲ್ಲ. ನಮ್ಮ ಕೇರಿಗೆಲ್ಲ ನೆಟ್‌ವರ್ಕ್ ಸಿಗುವುದು ಅಲ್ಲೊಂದೇ ಕಡೆ.