ಲೆಕ್ಕದಲ್ಲಿ ಎಷ್ಟು?

ಉಡುಪಿ ಕಡೆಯ ಮದುವೆ, ಮುಂಜಿ, ಗೃಹಪ್ರವೇಶ, ಯಾವುದಕ್ಕಾದರೂ ಹೋಗಿ. ಅಷ್ಟು ಹೊತ್ತು ಹಾಲಿನ ಮೂಲೆಯಲ್ಲಿ ಗುಂಪು ಕಟ್ಟಿ ಆಡುತ್ತಿದ್ದ ಮಕ್ಕಳು ಹಠಾತ್ತನೆ ದಿಕ್ಕಾಪಾಲಾಗಿ ಚದುರಿದರೆ ಅವರು ಬಂದರೆಂದೇ ಲೆಕ್ಕ. ಬಿಳಿ ಪಂಚೆ, ಇಸ್ತ್ರಿ ಮುರಿಯದ ಅಂಗಿ, ಅಂಗಿಯ ಕಿಸೆಯಲ್ಲಿ ಎರಡು ಪೆನ್ನು. ಊಟಕ್ಕೆ ಬರುವವರಿಗೆ ಪೆನ್ನು ಯಾಕೆ ಎಂದು ದೊಡ್ಡವರು ಯೋಚಿಸುವುದಿಲ್ಲ, ಮಕ್ಕಳಿಗೆ ಗೊತ್ತು. ಓಡಲಾಗದೆ ಸಿಕ್ಕಿಬಿದ್ದ ಒಂದರ ಭುಜದ ಮೇಲೆ ಕೈಯಿಟ್ಟು, ಹೆಸರು ಕೇಳುವ ಮೊದಲೇ ಶುರು: "ಎಷ್ಟನೇ ಕ್ಲಾಸು ಮಗಾ? ಯಾವ ಸಬ್ಜೆಕ್ಟ್ ಇಷ್ಟ ನಿಂಗೆ?"

ಇದು ಇಷ್ಟಾನಿಷ್ಟದ ಪ್ರಶ್ನೆ ಎಂದು ನಂಬಿದ ಮಗು ಕೆಟ್ಟಿತು. ಸರಿಯುತ್ತರ ಒಂದೇ, ಅದು ಲೆಕ್ಕ. ಹಾಗೆಂದು ಲೆಕ್ಕ ಎಂದವರಿಗೂ ಬಿಡುಗಡೆಯಿಲ್ಲ, "ಹಾಗಾದರೆ ಹೇಳು ನೋಡುವ, ಹದಿನೇಳೆಂಟ್ಲಿ?" ಎಂದು ಮಗ್ಗಿಗೆ ಇಳಿಯುತ್ತಾರೆ. ಕನ್ನಡ ಎಂದರೆ "ಅದು ಮನೆಯಲ್ಲೇ ಮಾತಾಡುವುದಲ್ವಾ, ಅದರಲ್ಲಿ ಎಂತ ಕಲಿಯಲಿಕ್ಕುಂಟು?" ಮನೆಯಲ್ಲಿ ತುಳುವೋ ಕೊಂಕಣಿಯೋ ಆಡುವ ಮಗುವಿಗೂ ಇದೇ ಮಾತು. ವಿಜ್ಞಾನ ಎಂದರೆ "ಒಳ್ಳೆಯದು, ಆದರೆ ಅದಕ್ಕೂ ಲೆಕ್ಕವೇ ಬೇಕು." ಸಮಾಜ ಎಂದರೆ ಒಂದು ನಿಟ್ಟುಸಿರು. ಡ್ರಿಲ್ ಎಂದರೆ ಮಾತೇ ಇಲ್ಲ, ಕತ್ತೆತ್ತಿ ಮಗುವಿನ ಅಪ್ಪ ಎಲ್ಲಿದ್ದಾನೆಂದು ಹುಡುಕುತ್ತಾರೆ.

ಈ ತಳಿ ಬೇರೆ ಜಿಲ್ಲೆಗಳಲ್ಲಿ ಇಲ್ಲವೆಂದಲ್ಲ, ಆದರೆ ನಮ್ಮಲ್ಲಿಯಷ್ಟು ಹುಲುಸಾಗಿ ಬೆಳೆಯುವ ಹವೆ ಅಲ್ಲಿಲ್ಲ. 1997ರಲ್ಲಿ ದಕ್ಷಿಣ ಕನ್ನಡದಿಂದ ಪಾಲಾಗಿ ಬಂದ ಉಡುಪಿಗೆ ಪರೀಕ್ಷೆಯ ಫಲಿತಾಂಶದಲ್ಲಿ ತಾಯಿಜಿಲ್ಲೆಯ ಜೊತೆಗೇ ಪೈಪೋಟಿ. 2024ರ ಎಸ್ಸೆಸ್ಸೆಲ್ಸಿಯಲ್ಲಿ ಶೇಕಡಾ 94 ತೆಗೆದು ನಾವು ರಾಜ್ಯಕ್ಕೇ ಮೊದಲು. ಮರುವರ್ಷ ಆ ಪಟ್ಟವನ್ನು ಅವರು ಕಿತ್ತುಕೊಂಡರು, ನಾವು ಪಿಯುಸಿಯದನ್ನು ಹೊತ್ತು ತಂದೆವು. ಟಿ.ಎಂ.ಎ. ಪೈಗಳು 1953ರಲ್ಲಿ ಮಣಿಪಾಲದ ಬೋಳು ಗುಡ್ಡದಲ್ಲಿ ಮೆಡಿಕಲ್ ಕಾಲೇಜು ತೆರೆದಂದಿನಿಂದ ಸುತ್ತಲ ಊರುಗಳ ತಾಯಂದಿರು ಒಂದು ಕಣ್ಣನ್ನು ಆ ಗುಡ್ಡದ ಮೇಲಿಟ್ಟೇ ಮಕ್ಕಳಿಗೆ ಅನ್ನ ಕಲಸಿದ್ದು. ಇನ್ನು ಬ್ಯಾಂಕುಗಳು. 1906ರಲ್ಲಿ ಕಾರ್ಪೊರೇಶನ್ ಬ್ಯಾಂಕು, 1925ರಲ್ಲಿ ಸಿಂಡಿಕೇಟ್ ಬ್ಯಾಂಕು ಹುಟ್ಟಿದ್ದು ಉಡುಪಿಯಲ್ಲೇ. 1928ರಲ್ಲಿ ಪಿಗ್ಮಿ ಶುರುವಾದ ಮೇಲೆ ದಿನಕ್ಕೆರಡಾಣೆ ಕಟ್ಟುವವರ ಮನೆಬಾಗಿಲಿಗೂ ಬ್ಯಾಂಕು ಬಂತು. ಕೂಡಿಸಿ ಕಳೆಯಲು ಬಂದವನಿಗೆ ಊರಲ್ಲೇ ಕುರ್ಚಿ ಇತ್ತು. 2020ರ ಏಪ್ರಿಲ್ 1ರಂದು ಆ ಎರಡೂ ಬ್ಯಾಂಕುಗಳು ಬೇರೆ ಬ್ಯಾಂಕುಗಳೊಳಗೆ ಕರಗಿಹೋದವು. ಕುರ್ಚಿಯಿಂದ ಎದ್ದವರು ಮಾತ್ರ ಕರಗದೆ ಮದುವೆ ಹಾಲುಗಳಲ್ಲಿ ಓಡಾಡಿಕೊಂಡಿದ್ದಾರೆ.

ಒಳಭೇದಗಳೂ ಉಂಟು. ಮಣಿಪಾಲದ ಅತ್ತೆಯೊಬ್ಬರು ಎಂಟನೇ ಕ್ಲಾಸಿನ ಮಗುವನ್ನೂ "ನೀಟಾ, ಸಿಇಟಿಯಾ?" ಎಂದೇ ಮಾತಾಡಿಸುವುದು. ನಿವೃತ್ತ ಕನ್ನಡ ಮಾಷ್ಟ್ರೊಬ್ಬರು ಹೋಳಿಗೆ ಬಡಿಸುವವನನ್ನೂ ತಡೆದು ಸಂಧಿ ಬಿಡಿಸಿಯಾರು. ಇವರೆಲ್ಲ ಸಾಧುಗಳು, ತುತ್ತು ನುಂಗುವಷ್ಟರಲ್ಲಿ ಮರೆತೂ ಬಿಡುತ್ತಾರೆ.

ನನ್ನ ಪಾಲಿಗೆ ಬಂದದ್ದು ಅಮ್ಮನ ಕಡೆಯ ಒಬ್ಬ ಮಾವ, ಕಾರ್ಕಳದವರು, ನಿವೃತ್ತ ಬ್ಯಾಂಕ್ ಮ್ಯಾನೇಜರು. ಅವರು ಮರೆಯುವುದಿಲ್ಲ. ಕುಟುಂಬದ ಮೂರು ತಲೆಮಾರಿನ ಲೆಕ್ಕದ ಅಂಕಗಳು ಅವರ ಮಂಡೆಯಲ್ಲಿವೆ. ಯಾರ ಜಾತಕ ಕಳೆದುಹೋದರೂ ಚಿಂತೆಯಿಲ್ಲ, ಮಾರ್ಕ್ಸ್ ಕಾರ್ಡ್ ಅವರಲ್ಲಿ ಕೇಳಬಹುದು. ನನ್ನ ಮದುವೆಯ ದಿನ ಹೆಣ್ಣಿನ ಕಡೆಯ ಹಿರಿಯರಿಗೆ ನನ್ನನ್ನು ಪರಿಚಯಿಸಿದ್ದು ಹೀಗೆ: "ಹುಡುಗ ಒಳ್ಳೆಯವ. ದುಶ್ಚಟ ಇಲ್ಲ. ಲೆಕ್ಕದಲ್ಲಿ ಮಾತ್ರ ನಲ್ವತ್ತೊಂದು." ಆ ಮಾತು ಇನ್ನೂ ಬಾಳಿಕೆಯಲ್ಲಿದೆ. ತರಕಾರಿ ಅಂಗಡಿಯವನು ಚಿಲ್ಲರೆ ಕೊಡುವಾಗ ಹೆಂಡತಿ ನನ್ನ ಕೈಯನ್ನು ಪಕ್ಕಕ್ಕೆ ಸರಿಸಿ ತನ್ನ ಕೈ ಚಾಚುತ್ತಾಳೆ.

ಇತಿಹಾಸದಲ್ಲಿ ಮಾವನಿಗೆ ಸಮ್ಮತವಾದದ್ದು ಇಸವಿ ಮಾತ್ರ. ಅಂಕೆ ನೋಡಿ! ಕಾರ್ಕಳದ ಗೊಮ್ಮಟನ ಎದುರು ನೆಂಟರ ಮಕ್ಕಳನ್ನು ಸಾಲಾಗಿ ನಿಲ್ಲಿಸಿ, "ಇದು 1432, ಆಚೆಯ ಚತುರ್ಮುಖ ಬಸದಿ 1586, ಅಂತರ ಎಷ್ಟು?" ಎಂದು ಕೇಳಿದ್ದನ್ನು ನಾನೇ ಕಂಡಿದ್ದೇನೆ. 42 ಅಡಿಯ ಆ ಮೂರ್ತಿಯ ಮುಖದಲ್ಲಿರುವ ಶಾಂತಿ ಅವತ್ತು ಅಲ್ಲಿದ್ದ ಬೇರೆ ಯಾರ ಮುಖದಲ್ಲೂ ಇರಲಿಲ್ಲ.

ಒಮ್ಮೆ ಒಬ್ಬ ಹುಡುಗ ಡ್ರಿಲ್ ಇಷ್ಟ ಎಂದು ಹೇಳಿ ಪೇಚಿಗೆ ಸಿಲುಕಿದಾಗ ನಾನು ನಡುವೆ ಬಾಯಿ ಹಾಕಿದೆ. "ಮಾವ, ನಿಮ್ಮ ಕಾರ್ಕಳ ತಾಲೂಕಿನ ನಂದಳಿಕೆಯವನೇ ಅಲ್ವಾ ಮುದ್ದಣ? ಉಡುಪಿಯಲ್ಲಿ ಡ್ರಿಲ್ ಮಾಷ್ಟ್ರಾಗಿದ್ದುಕೊಂಡು 'ಶ್ರೀರಾಮಾಶ್ವಮೇಧ' ಬರೆದವನು!" ಗೆದ್ದೆ ಅಂದುಕೊಂಡೆ. ಮಾವ ಕಣ್ಣು ಮುಚ್ಚಿದರು. "ಹುಟ್ಟಿದ್ದು 1870, ತೀರಿಕೊಂಡದ್ದು 1901. ಕಾಪುವಿನ ಲೈಟ್‌ಹೌಸ್ ಕಟ್ಟಿದ್ದೂ 1901. ಗೊತ್ತುಂಟಾ?" ಕ್ಷಯ ಹಿಡಿದು ಮೂವತ್ತೊಂದಕ್ಕೇ ಹೋದ ಕವಿಯನ್ನು ಹೀಗೂ ನೆನಪಿಟ್ಟುಕೊಳ್ಳಬಹುದು ಎಂದು ಯಾವ ಕನ್ನಡ ಮೇಷ್ಟ್ರಿಗೂ ಹೊಳೆದಿರಲಾರದು.

ಆ ಲೈಟ್‌ಹೌಸಿನ ಪ್ರಸಂಗವನ್ನು ಹೇಳಲೇಬೇಕು.

ನನ್ನ ಅಕ್ಕನ ಮಗಳು ಆಗ ಹತ್ತನೇ ಕ್ಲಾಸು. ಇಷ್ಟದ ವಿಷಯ ಡ್ರಾಯಿಂಗ್. ಡಿಸೆಂಬರ್ ಕಳೆದ ಮೇಲೆ ನಮ್ಮ ಶಾಲೆಗಳ ವೇಳಾಪಟ್ಟಿಯಲ್ಲಿ ಡ್ರಾಯಿಂಗ್ ಎಂದು ಬರೆದಿರುತ್ತದೆ, ಬಾಗಿಲಲ್ಲಿ ಮಾತ್ರ ಲೆಕ್ಕದ ಟೀಚರ್ ನಿಂತಿರುತ್ತಾರೆ. ಹಾಗಾಗಿ ಅವಳಿಗೆ ಲೆಕ್ಕದ ಮೇಲೆ ಇದ್ದದ್ದು ಕೈಯ ತಿಂಡಿ ಕಸಿದವರ ಮೇಲಿನ ಸಿಟ್ಟು. ಮಾವನಿಗೆ ಇದು ಹೇಗೋ ತಿಳಿಯಿತು. ರಜೆಯ ಒಂದು ಸಂಜೆ ಎಲ್ಲರೂ ಕಾಪು ಬೀಚಿಗೆ ಹೋಗುವ ಎಂದರು. ಖರ್ಚೂ ಅವರದ್ದೇ. ಆಗಲೇ ನಮಗೆ ಸಂಶಯ ಬರಬೇಕಿತ್ತು.

ಲೈಟ್‌ಹೌಸಿನ ಸುತ್ತು ಮೆಟ್ಟಿಲು ಹತ್ತಿ ಮೇಲೆ ತಲುಪಿದಾಗ ಪಡುವಣ ಗಾಳಿಗೆ ಪಂಚೆ ಹಿಡಿದುಕೊಳ್ಳುವುದೇ ಒಂದು ಕೆಲಸ. ಮಾವ ಒಂದು ಕೈಯಲ್ಲಿ ಪಂಚೆ ಹಿಡಿದು ಇನ್ನೊಂದು ಕೈಯಿಂದ ಕಿಸೆಯೊಳಗಿನ ಸಾಮಾನು ಹೊರತೆಗೆದರು. ಕೋನಮಾಪಕ. ಅದರ ನಡುವಿನ ತೂತಿಗೆ ದಾರ, ದಾರದ ತುದಿಗೆ ಮನೆಯ ಗೋದ್ರೆಜ್ ಕಪಾಟಿನ ಬೀಗದಕೈ. "ನಿಮ್ಮ ಪುಸ್ತಕದಲ್ಲಿ ಉಂಟಲ್ಲ ಮಗಾ, ಎಪ್ಪತ್ತೈದು ಮೀಟರಿನ ದೀಪಸ್ತಂಭ, ಎರಡು ಹಡಗು, ಅವನತ ಕೋನ ಮೂವತ್ತು, ನಲ್ವತ್ತೈದು? ಅದನ್ನು ಪುಸ್ತಕದಲ್ಲಿ ಯಾಕೆ ಮಾಡುವುದು? ಇದು ಸುಮಾರು ಇಪ್ಪತ್ತೇಳು ಮೀಟರು. ಅಗೋ ದೋಣಿ. ದೂರ ಹೇಳು."

ಗಾಳಿಗೆ ಬೀಗದಕೈ ಗಂಟೆಯ ಹಾಗೆ ತೂಗುತ್ತಿತ್ತು. ಮಾವ ಒಂದು ಕಣ್ಣು ಮುಚ್ಚಿ ಕೋನಮಾಪಕದ ಅಂಚಿನಿಂದ ದೋಣಿಗೆ ಗುರಿಯಿಟ್ಟರು. ದಾರ ನಿಲ್ಲಲಿಲ್ಲ. ನನ್ನನ್ನು ಗಾಳಿಗೆ ಅಡ್ಡ ನಿಲ್ಲಿಸಿದರು. ಅಷ್ಟು ಅಗಲ ಸಾಲಲಿಲ್ಲ, ನನ್ನ ಭಾವನನ್ನೂ ಕರೆದರು. ಅಷ್ಟರಲ್ಲಿ ದೋಣಿ ಮಲ್ಪೆಯ ದಿಕ್ಕಿಗೆ ಒಂದಿಷ್ಟು ಸರಿದಿತ್ತು. "ಈ ಜನಕ್ಕೆ ಒಂದು ಕಡೆ ನಿಲ್ಲಲಿಕ್ಕೆ ಎಂತ ಕಷ್ಟ!" ಎಂದು ಹೊಟ್ಟೆಪಾಡಿಗೆ ಹೋದ ಮೊಗವೀರರ ಮೇಲೆ ರೇಗಿದರು. ಹಿಂದೆ ಸೆಲ್ಫಿಗೆ ಕಾದಿದ್ದ ಕಾಲೇಜು ಹುಡುಗರು ಇದ್ಯಾವುದೋ ಸರ್ವೇ ಇಲಾಖೆಯ ಕೆಲಸ ಎಂದು ಗೌರವದಿಂದ ದಾರಿ ಬಿಟ್ಟಿದ್ದರು. ಕೊನೆಗೆ ಮಾವ ಸೋತು, "ಆಯ್ತು, ಮೂವತ್ತು ಡಿಗ್ರಿ ಅಂತಲೇ ಇಟ್ಟುಕೊ" ಎಂದರು.

ಹುಡುಗಿ ಅಷ್ಟು ಹೊತ್ತು ಕಂಬಿಗೆ ಗಲ್ಲವಿಟ್ಟು ಸಮುದ್ರ ನೋಡುತ್ತಿದ್ದಳು. "ಆಗುದಿಲ್ಲ ಅಜ್ಜ" ಎಂದಳು.

"ಎಂತ ಆಗುದಿಲ್ಲ? ಸೂತ್ರ ಬರುದಿಲ್ವಾ?"

"ಮೂವತ್ತು ಆಗುದಿಲ್ಲ. ಚಿತ್ರ ಬಿಡಿಸುವಾಗ ದೂರ ಹೋದ ಹಾಗೆ ದೋಣಿಯನ್ನು ಆಕಾಶದ ಗೆರೆಯ ಹತ್ತಿರ ತೆಕ್ಕೊಂಡು ಹೋಗಬೇಕು. ಅದು ಗೆರೆಗೆ ಅಂಟಿಕೊಂಡೇ ಉಂಟಲ್ಲ. ನೀವು ಹೇಳಿದ ಹಾಗೆ ಮೂವತ್ತು ಅಂತಿಟ್ಟರೆ ಇಪ್ಪತ್ತೇಳನ್ನು ರೂಟ್ ಮೂರರಿಂದ ಗುಣಿಸಬೇಕು. ನಲ್ವತ್ತೇಳು ಮೀಟರ್. ಕೆಳಗೆ ನೋಡಿ, ಅಲ್ಲಿ ಚರುಮುರಿ ಗಾಡಿ ಉಂಟು."

ನಾವೆಲ್ಲ ಬಗ್ಗಿ ನೋಡಿದೆವು. ಇತ್ತು. ಮಾವ ಗಾಡಿಯನ್ನು ನೋಡಿದರು, ದೋಣಿಯನ್ನು ನೋಡಿದರು, "ಬುಡದ ಬಂಡೆಯ ಎತ್ತರ ಸೇರಿಸಲಿಲ್ಲ ನೀನು" ಎಂದು ಸಣ್ಣ ದನಿಯಲ್ಲಿ ಆಕ್ಷೇಪಿಸಿದರು. ಬಂಡೆ ಸೇರಿಸಿದರೆ ಗಾಡಿಯಿಂದ ಇನ್ನೊಂದಿಷ್ಟು ಆಚೆ, ಅಲೆಯಲ್ಲಿ ಕಾಲು ನೆನೆಸುತ್ತಿದ್ದ ಮಕ್ಕಳ ಹತ್ತಿರ ಹೋದೀತು ಅಷ್ಟೆ. ಪಠ್ಯಪುಸ್ತಕದ ಹಡಗುಗಳು ಬಂಡೆಗೆ ಬಡಿಯುವಷ್ಟು ಹತ್ತಿರ ಬರುತ್ತವೆಂದು ನನಗೆ ಗೊತ್ತಾದದ್ದು ಅವತ್ತೇ. ನಲ್ವತ್ತೊಂದು ಅಂಕದವನಿಗೆ ಮೊದಲೇ ಹೇಗೆ ಗೊತ್ತಾಗಬೇಕು?

ಕೆಳಗಿಳಿದು ಒಂದು ಹೋಟೆಲಿನಲ್ಲಿ ಗೋಳಿಬಜೆ, ಚಾ. ಮಾವ ಸೋತವರಂತೆ ಕಾಣಲಿಲ್ಲ. ಮುಖ ಕೆಂಪೇರಿತ್ತು, ಕಣ್ಣು ಹೊಳೆಯುತ್ತಿತ್ತು. ನನಗೆ ಆಶ್ಚರ್ಯವಾದದ್ದು ಅದೇ. ಮೊದಲ ಬಾರಿಗೆ ಪ್ರಶ್ನೆ ಕೇಳುವುದು ಬಿಟ್ಟು ಏನನ್ನೋ ಹೇಳತೊಡಗಿದರು. ಕಾಗದದ ಕರವಸ್ತ್ರದ ಮೇಲೆ ಪೆನ್ನಿನಿಂದ ಅಂಕೆಗಳ ಉದ್ದ ಸಾಲು ಬರೆದರು.

ಕಂಪ್ಯೂಟರ್ ಬರುವ ಮೊದಲು ಬ್ಯಾಂಕಿನಲ್ಲಿ ಲೆಜರ್ ಬ್ಯಾಲೆನ್ಸ್ ಆಗದೆ ಯಾರಿಗೂ ಮನೆಯಿಲ್ಲ. ಉಳಿತಾಯ ಖಾತೆಯ ಬಡ್ಡಿ ಹಾಕುವ ಹೊತ್ತಿಗಂತೂ ಒಂದೊಂದು ಖಾತೆಗೆ ತಿಂಗಳು ತಿಂಗಳೂ ಹತ್ತನೇ ತಾರೀಕಿನಿಂದ ಕೊನೆಯ ದಿನದವರೆಗಿನ ಕನಿಷ್ಠ ಮೊತ್ತ ಹುಡುಕಬೇಕು. ರಾತ್ರಿಯ ಬಸ್ಸೂ ಹೋಗಿರುತ್ತದೆ, ಎಲ್ಲೋ ಮೂವತ್ತಾರು ರೂಪಾಯಿ ತಾಳೆಯಾಗುವುದಿಲ್ಲ. "ಎಲ್ಲರೂ ಮೊದಲಿನಿಂದ ಕೂಡಿಸಲಿಕ್ಕೆ ಕೂರ್ತಾರೆ. ನಾನು ಕೂರುದಿಲ್ಲ. ಮೂವತ್ತಾರು ಒಂಬತ್ತರಿಂದ ಭಾಗ ಹೋಗ್ತದಾ? ಹೋಗ್ತದೆ. ಹಾಗಾದರೆ ಯಾರೋ ಅಂಕೆ ತಿರುಗಿಸಿ ಬರೆದಿರಬೇಕು. ನಾಲ್ಕೊಂಬತ್ಲಿ ಮೂವತ್ತಾರು. ಎರಡು ಅಂಕೆಗೆ ನಾಲ್ಕರ ಅಂತರ ಇರುವಲ್ಲಿ ನೋಡಬೇಕು. ಐವತ್ತೊಂದನ್ನು ಹದಿನೈದು ಅಂತ ಬರೆದಿರ್ತಾರೆ."

ಹುಡುಗಿ ಚಾ ಲೋಟ ಸರಿಸಿ ಕರವಸ್ತ್ರವನ್ನು ತನ್ನ ಕಡೆಗೆ ತಿರುಗಿಸಿಕೊಂಡಳು. "ಯಾಕೆ ಒಂಬತ್ತು?" ಹತ್ತರ ಸ್ಥಾನದ್ದು ಬಿಡಿಗೆ ಬಂದರೆ ಹತ್ತು ಹೋಗಿ ಒಂದು ಉಳಿಯುತ್ತದೆ, ಅದಕ್ಕೆ ಎಂದು ಮಾವ ವಿವರಿಸಿದರು. ನನಗೂ ಅರ್ಥವಾಯಿತು. ಮಾಷ್ಟ್ರು ಇದನ್ನು ಆಗಲೇ ಹೇಳಿದ್ದರೆ ನನಗೆ ನಲ್ವತ್ತೈದಾದರೂ ಬರುತ್ತಿತ್ತೋ ಏನೋ.

"ಆಮೇಲೆ ಕಂಪ್ಯೂಟರ್ ಬಂತು" ಎಂದರು ಮಾವ. "ಅದು ತಪ್ಪೇ ಮಾಡುದಿಲ್ಲ ಮಾರಾಯ." ಅದರಲ್ಲಿ ಮೆಚ್ಚುಗೆ ಇತ್ತೋ ದೂರು ಇತ್ತೋ ತಿಳಿಯಲಿಲ್ಲ. ನಿವೃತ್ತಿಯ ಮುಂಚಿನ ವರ್ಷಗಳಲ್ಲಿ ಅವರ ಕೂಡಿಸುವ ವೇಗ ಬ್ಯಾಂಕಿನಲ್ಲಿ ಯಾರಿಗೂ ಬೇಕಾಗಿರಲಿಲ್ಲ. ಮನೆಯಲ್ಲಿ ಅತ್ತೆ ಹಾಲಿನವನ ಲೆಕ್ಕವನ್ನು ಮೊಬೈಲಿನಲ್ಲೇ ನೋಡುತ್ತಾರೆ. ಮಗ ದುಬೈಯಲ್ಲಿ. ಸಂಖ್ಯೆಗಳ ಬಗ್ಗೆ ಮಾತಾಡಲು ಇಡೀ ಜಗತ್ತಿನಲ್ಲಿ ಉಳಿದವರು ಶಾಲೆಗೆ ಹೋಗುವ ಮಕ್ಕಳು, ಅವರೂ ಕಂಡರೆ ಓಡುತ್ತಾರೆ.

ನಾನು ಹೀಗೆ ಮೆತ್ತಗಾಗುತ್ತಿರುವಾಗಲೇ ಅವರು ನನ್ನ ಕಡೆ ತಿರುಗಿ, "ಇವನಿಗೆ ಇದೆಲ್ಲ ತಲೆಗೆ ಹೋಗುದಿಲ್ಲ" ಎಂದು ಹುಡುಗಿಗೆ ಹೇಳಿದರು. ಕರುಣೆ ಇಳಿಯಿತು.

ಅಷ್ಟರಲ್ಲಿ ಅವಳು ಕೇಳಿದಳು: "ಅಜ್ಜ, ನಿಮಗೆ ಇಷ್ಟ ಇಲ್ಲದ ಸಬ್ಜೆಕ್ಟ್ ಯಾವುದು?"

ಈ ಪ್ರಶ್ನೆಯನ್ನು ಅವರಿಗೆ ಯಾರೂ ಕೇಳಿದಂತಿಲ್ಲ. ಗೋಳಿಬಜೆ ಅರ್ಧಕ್ಕೆ ನಿಂತಿತು. "ಹಿಂದಿ" ಎಂದರು, ಒಡನೆ ಕಟ್ಟೆಯೊಡೆಯಿತು. 1969ರಲ್ಲಿ ಇಂದಿರಾ ಗಾಂಧಿ ಬ್ಯಾಂಕುಗಳನ್ನು ರಾಷ್ಟ್ರೀಕರಣ ಮಾಡಿದ್ದು ತನಗೆ ಹಿಂದಿ ಕಲಿಸಲಿಕ್ಕೇ ಎಂಬುದು ಅವರ ಸಿದ್ಧಾಂತ. ಪ್ರಮೋಷನ್ ಕೊಟ್ಟು ಉತ್ತರ ಪ್ರದೇಶಕ್ಕೆ ಹಾಕಿದರು. ಮೇಜು ಗಂಡೋ ಹೆಣ್ಣೋ ತಿಳಿಯದು, ಕುರ್ಚಿ ಯಾವುದೋ ತಿಳಿಯದು, ಕೌಂಟರಿನ ಆಚೆಯ ಹಾಲಿನವನು ಕೂಡ ತಿದ್ದಿ ನಗುವುದು. ಪ್ರತಿ ಸೆಪ್ಟೆಂಬರ್ 14ಕ್ಕೆ ಹಿಂದಿ ದಿವಸದ ಭಾಷಣ. ಸಾಲದ್ದಕ್ಕೆ ತಲೆ ನರೆಯುವ ವಯಸ್ಸಿನಲ್ಲಿ ಪ್ರಾಜ್ಞ ಪರೀಕ್ಷೆಗೆ ಕೂರಿಸಿದರು, ಮಕ್ಕಳ ಹಾಗೆ, ಬೆಂಚಿನಲ್ಲಿ. ಹೇಳುತ್ತಾ ಹೇಳುತ್ತಾ ಅವರ ದನಿ ನಮ್ಮ ಮನೆಯ ಮಕ್ಕಳು ಲೆಕ್ಕದ ಬಗ್ಗೆ ಮಾತಾಡುವಾಗಿನ ದನಿಯೇ ಆಗಿಬಿಟ್ಟಿತ್ತು.

"ಎಷ್ಟು ಬಂತು ಅಜ್ಜ?" ಹುಡುಗಿ ಕೇಳಿದಳು.

"ಎಂತದ್ದು?"

"ಹಿಂದಿಯಲ್ಲಿ. ಮಾರ್ಕು."

ಮೂರು ತಲೆಮಾರಿನ ಅಂಕಗಳನ್ನು ನಾಲಿಗೆಯ ತುದಿಯಲ್ಲಿಟ್ಟುಕೊಂಡ ಮಾವ ಒಮ್ಮೆ ಸಮುದ್ರದ ಕಡೆ ನೋಡಿದರು, ಒಮ್ಮೆ ಮಾಣಿಯ ಕಡೆ. "ಬಿಲ್ಲು ತಾ ಮಾರಾಯ" ಎಂದು ಕೂಗಿ, ಅದು ಬರುವ ಮೊದಲೇ ಎದ್ದು ಗಲ್ಲಾಪೆಟ್ಟಿಗೆಯ ಹತ್ತಿರ ಹೋಗಿ ನಿಂತರು. ಐದು ಚಾ, ಮೂರು ಪ್ಲೇಟ್ ಗೋಳಿಬಜೆ. ಬಿಲ್ಲು ಸರಿಯಾಗಿಯೇ ಇತ್ತು. ಆದರೂ ಮೇಲಿನಿಂದ ಒಮ್ಮೆ, ಕೆಳಗಿನಿಂದ ಒಮ್ಮೆ ಕೂಡಿಸಿದರು.

"ಮಾಮ, ಅಜ್ಜ ಹಿಂದಿಯಲ್ಲಿ ಫೇಲಾ?" ಹುಡುಗಿ ನನ್ನ ಕಿವಿಯಲ್ಲಿ ಕೇಳಿದಳು.

"ಈಗ ಬೇಡ" ಎಂದೆ. "ಕಾರಲ್ಲಿ ಕೇಳು. ಕಾರ್ಕಳದವರೆಗೆ ಅವರಿಗೆ ಎದ್ದು ಹೋಗಲಿಕ್ಕೆ ಜಾಗ ಇಲ್ಲ."