ಹೋದವರ ಲೆಕ್ಕ

“ಅಲ್ಲೋ ತಮ್ಮಾ, ಶರೀಫಜ್ಜನ ಪದಕ್ಕ ಗಿಟಾರ್ ಯಾಕ ಬೇಕಾಗಿತ್ತು?”

ಬೇಲಿಯಾಚೆಯ ಅಕ್ಕಾರ ಪ್ರಶ್ನೆ. ಗೋವಾದ ಸಾಂಗೆಗೆ ಬಂದು ಎಷ್ಟೋ ಮಳೆಗಾಲ ಕಳೆದರೂ ಅವರ ಶಿಗ್ಗಾವಿ ಮಾತು ಮಾಸಿಲ್ಲ. ನನ್ನ ಮೊಬೈಲಿನಲ್ಲಿ ಹಾಡುತ್ತಿದ್ದದ್ದು ‘ರಘು ದೀಕ್ಷಿತ್ ಪ್ರಾಜೆಕ್ಟ್’ನ 2008ರ ಮೊದಲ ಆಲ್ಬಂ. ಅದರಲ್ಲಿ ಶಿಶುನಾಳ ಶರೀಫರ ಎರಡು ಪದಗಳಿವೆ: ಒಂದು ಗುಡುಗುಡಿಯದ್ದು, ಇನ್ನೊಂದು ಸೋರುವ ಮಾಳಿಗೆಯದ್ದು. ಆಷಾಢದ ಸಾಂಗೆಯಲ್ಲಿ ಎರಡನೆಯದಕ್ಕೆ ಅರ್ಥ ಬಿಡಿಸುವ ಅಗತ್ಯವಿಲ್ಲ.

“ಮೊದಲ ಮೈಸೂರಾಗ ‘ಅಂತರಾಗ್ನಿ’ ಅಂತ ಬ್ಯಾಂಡ್ ಇತ್ರಿ ಅಕ್ಕಾರ. ಅದು ಒಡೀತು. ಆಮ್ಯಾಲ ರಘು ದೀಕ್ಷಿತರು, ಯಾರ ಬೇಕಾದ್ರೂ ಬರ್ರಿ, ಕೂಡಿ ಬಾರಸೂಣು ಅಂತ ಈ ಬಳಗ ಕಟ್ಟಿದ್ರು.”

“ಹಂಗಾರ ಅದು ಬ್ಯಾಂಡ್ ಅಲ್ಲ, ಧರ್ಮಶಾಲಿ!”

ನಗು ಬಂತು. ಆದರೂ ಬಿಡದೆ, ಜನ ಬಂದು ಹೋಗುವ ಇನ್ನೊಂದು ಬ್ಯಾಂಡಿನ ಕತೆ ಹೇಳಲು ಐರ್ಲೆಂಡಿಗೆ ಹಾರಿದೆ. ಅಲ್ಲಿ 1972ರಲ್ಲಿ ನಾಲ್ವರು ಸೇರಿ ‘ಪ್ಲಾಂಕ್ಸ್‌ಟಿ’ ಎಂಬ ಜನಪದ ಬ್ಯಾಂಡ್ ಕಟ್ಟಿದರು. ಮರುವರ್ಷ ಡೋನಲ್ ಲನಿ ಬಿಟ್ಟರು, ಜಾನಿ ಮೊಯ್ನಿಹಾನ್ ಬಂದರು. 1974ರ ಮೂರನೆಯ ಆಲ್ಬಂ ಈ ಹೊಸ ಕೂಟದ್ದು. ಆಮೇಲೆ ಮುಖ್ಯ ಹಾಡುಗಾರ ಕ್ರಿಸ್ಟಿ ಮೂರ್ ಕೂಡ ಹೋಗಿ, ಪಾಲ್ ಬ್ರೇಡಿ ಬಂದರು. ಆದರೆ ತೋಳಡಿಯ ತಿದಿಯಿಂದ ಪೈಪು ನುಡಿಸುವ ಲಿಯಾಮ್ ಓಫ್ಲಿನ್ ಕದಲಲಿಲ್ಲ, ಆಂಡಿ ಅರ್ವಿನ್ನೂ ಕದಲಲಿಲ್ಲ. ಮಜಾ ಕೇಳಿ: ಗ್ರೀಸಿನ ಬುಜೂಕಿ ವಾದ್ಯವನ್ನು 1960ರ ದಶಕದಲ್ಲಿ ಐರಿಶ್ ಸಂಗೀತಕ್ಕೆ ತಂದವರು ಇದೇ ಮೊಯ್ನಿಹಾನ್. ಇವತ್ತು ಅದು ಅಲ್ಲಿನವರ ಮನೆವಾದ್ಯವೇ ಆಗಿಬಿಟ್ಟಿದೆ.

“ಇರ್ಲಿ, ನಮ್ಮ ಭಜನಿ ಮ್ಯಾಳದ ಪೇಟಿ ಮಾತ್ರ ನಮ್ಮದ” ಎಂದರು ಅಕ್ಕಾರು.

“ಅದೂ ಯುರೋಪಿನಿಂದ ಹಡಗ ಹತ್ತಿ ಬಂದದ್ದರಿ.”

ಅಕ್ಕಾರು ಒಂದು ಗಳಿಗೆ ಸುಮ್ಮನಾದರು. ಸೋಲುವ ಪೈಕಿಯಲ್ಲ. “ನಮ್ಮ ಮ್ಯಾಳದಾಗೂ ತಾಳದಾಂವ ದುಡಿಯಾಕ ವಾಸ್ಕೋಕ್ಕ ಹೋದ್ರ ಇನ್ನೊಬ್ಬಾಂವ ಕೂಡ್ತಾನ. ಪದ ನಿಲ್ಲಂಗಿಲ್ಲ. ಆದ್ರ ಮುಂದ ಹಾಡಾಂವಗ ಪದದ ಅರ್ಥ ಗೊತ್ತಿರಬೇಕು. ಅವ ಸುಳ್ಳಾದ್ರ ಹಳೇ ಮಂದಿ ಎಲ್ಲಾ ಕೂತಿದ್ರೂ ಸಪ್ಪಗ.”

“ಮತ್ತ ಈ ಗಿಟಾರ್ ಹಾಡು?”

“ಮಾತು ನೆಟ್ಟಗ ಕೇಳಸ್ತಾವ. ನಡೀತೈತಿ ಬಿಡು.”

ನನಗಂತೂ ಇದಕ್ಕಿಂತ ಒಳ್ಳೆಯ ಸಂಗೀತ ವಿಮರ್ಶೆ ಓದಿದ ನೆನಪಿಲ್ಲ. ನಿಮ್ಮ ಮೆಚ್ಚಿನ ಬ್ಯಾಂಡಿನಿಂದ ಯಾರೋ ಎದ್ದು ಹೋದರೆಂದು ಮುಖ ಸಿಂಡರಿಸಬೇಡಿ. ಹೋದವರ ಲೆಕ್ಕ ಆಮೇಲಿರಲಿ, ಮೊದಲು ಹೊಸ ಆಲ್ಬಂ ಪೂರ್ತಿ ಕೇಳಿ.